ಮಗು ಹುಟ್ಟುವ ಮೊದಲೇ ಅಡುಗೆಮನೆ ಸಜ್ಜು

ನನ್ನ ತಂಗಿಯ ಮಗಳಿಗೆ ದಿನ ತುಂಬುವ ಮೊದಲೇ, 30ನೇ ವಾರಕ್ಕೇ ಹೆರಿಗೆಯಾಗಿಬಿಟ್ಟಿತು. ಗಂಡು ಮಗು. ತೂಕ 1 ಕಿಲೋ 200 ಗ್ರಾಂ. ಅಂಥ ಕೂಸನ್ನು ನೋಡಿಕೊಳ್ಳುವ ಅನುಕೂಲ ನಮ್ಮೂರಿನಲ್ಲಿ ಇಲ್ಲವೆಂದು ರಾತ್ರೋರಾತ್ರಿ ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಸಾಗಿಸಿದರು. ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿ, ಡ್ರಿಪ್ ಹಾಕಿ, ಬಾಯಿಂದ ಹೊಟ್ಟೆಗೆ ದಾರದಂಥ ಒಂದು ಕೊಳವೆ ಇಳಿಸಿದ್ದರು. ಆ ಕೊಳವೆಯಲ್ಲಿ ಮೂರು ಗಂಟೆಗೊಮ್ಮೆ ತಾಯಿಯ ಹಾಲು. ಎಷ್ಟು ಅಂತೀರಿ? 2 ಮಿಲಿ!

ನಮ್ಮ ಬೀಗಿತ್ತಿಯವರು ಮನೆತನದ ಬೆಳ್ಳಿ ಒಳಲೆಯನ್ನು ತೊಳೆದು ಒರೆಸಿ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದರು. ಈ 2 ಮಿಲಿ ಲೆಕ್ಕ ಕೇಳಿ ಅವರಿಗೆ ತಡೆಯಲಾಗಲಿಲ್ಲ. "ಇದೇನ್ ಡಾಕ್ಟ್ರಮ್ಮಾ, ಬೆಕ್ಕಿನ ಮರಿಗೂ ಸಾಲದಷ್ಟು ಹಾಲು! ಇಷ್ಟರಲ್ಲಿ ನನ್ನ ಮೊಮ್ಮಗ ಬದುಕೋದು ಹೆಂಗೆ?" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಮಕ್ಕಳ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಸಿಡುಕದೆ ಹೇಳಿದಳು: "ಹೊಟ್ಟೆ ತುಂಬ್ಸೋದಕ್ಕೆ ಡ್ರಿಪ್ ಇದೆ ಅಜ್ಜೀ. ಈ ಹಾಲು ಹೊಟ್ಟೆ ತುಂಬ್ಸೋಕಲ್ಲ, ಹೊಟ್ಟೆ ಎಬ್ಬಿಸೋಕೆ."

ಹೊಟ್ಟೆ ಎಬ್ಬಿಸೋದು ಅಂದರೇನು? ಮಲಗಿದ್ದವರು ಯಾರು, ಎಬ್ಬಿಸುವುದು ಯಾರನ್ನು? ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮಗು ಮನೆಗೆ ಬಂದ ಮೇಲೂ ಬಿಡದೆ ಓದಿದೆ, ಕೇಳಿದೆ. ತಿಳಿದದ್ದನ್ನು ನಿಮಗೂ ಹೇಳಬೇಕೆನಿಸಿತು. ನಿಮ್ಮ ಮನೆಯಲ್ಲೂ ಮಗಳೋ ಸೊಸೆಯೋ ಬಸುರಿಯಾಗಿರಬಹುದು, ಅಥವಾ ನೀವೇ ಆಗಿರಬಹುದು.

ಹಾರ್ಮೋನು ಎಂದೊಡನೆ ನಮಗೆ ನೆನಪಾಗುವುದು ಥೈರಾಯ್ಡು, ಮುಟ್ಟಿನ ತೊಂದರೆ, ಸಕ್ಕರೆ ಕಾಯಿಲೆಯ ಇನ್ಸುಲಿನ್. ಆದರೆ ಹಾರ್ಮೋನು ಎಂಬ ಹೆಸರು ಹುಟ್ಟಿದ್ದೇ ಕರುಳಿನಿಂದ ಎಂದರೆ ನಂಬುತ್ತೀರಾ?

1902ರ ಜನವರಿಯಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ಎಂಬ ಇಬ್ಬರು, ಬಂಧುಗಳೂ ಹೌದು, ಒಂದು ಪ್ರಯೋಗ ಮಾಡಿದರು. ಜಠರದಿಂದ ಹುಳಿಹುಳಿಯಾದ ಅನ್ನ ಸಣ್ಣ ಕರುಳಿಗೆ ಇಳಿದ ತಕ್ಷಣ ಮೇದೋಜೀರಕ ಗ್ರಂಥಿ ತನ್ನ ರಸ ಸುರಿಸುತ್ತದೆ. ಕರುಳಿಗೆ ಊಟ ಬಂತೆಂದು ಗ್ರಂಥಿಗೆ ಹೇಳುವವರು ಯಾರು? ನರಗಳು ಎಂದು ಆಗ ಎಲ್ಲರೂ ನಂಬಿದ್ದರು. ಇವರು ಒಂದು ನಾಯಿಯ ಕರುಳಿನ ತುಂಡಿಗೆ ಹೋಗುವ ನರಗಳನ್ನೆಲ್ಲ ಕತ್ತರಿಸಿ ಅದರೊಳಗೆ ಆಮ್ಲ ಹಾಕಿದರು. ಆದರೂ ಗ್ರಂಥಿ ರಸ ಸುರಿಸಿತು! ಆಮೇಲೆ ಕರುಳಿನ ಒಳಪದರವನ್ನು ಕೆರೆದು, ಮರಳು ಮತ್ತು ಆಮ್ಲ ಸೇರಿಸಿ ಅರೆದು, ಸೋಸಿ, ಆ ರಸವನ್ನು ನಾಯಿಯ ರಕ್ತನಾಳಕ್ಕೆ ಚುಚ್ಚಿದರು. ಗ್ರಂಥಿ ಮತ್ತೆ ಸ್ರವಿಸಿತು. (ಅರೆಯುವುದು, ಸೋಸುವುದು ಎಲ್ಲ ನಮ್ಮ ಅಡುಗೆಮನೆಯ ಕೆಲಸವೇ ನೋಡಿ.) ಅಂದರೆ ಕರುಳು ರಕ್ತದ ಮೂಲಕ ಒಂದು ಸುದ್ದಿ ಕಳಿಸುತ್ತಿದೆ ಎಂದಾಯಿತು. ಆ ಸುದ್ದಿಯ ರಸಕ್ಕೆ ಅವರು ಸೆಕ್ರೆಟಿನ್ ಎಂದು ಹೆಸರಿಟ್ಟರು. ಇಂಥ ರಸಗಳಿಗೆಲ್ಲ ಸೇರಿ 'ಹಾರ್ಮೋನು' ಎಂಬ ಮಾತನ್ನು ಸ್ಟಾರ್ಲಿಂಗ್ ಬಳಸಿದ್ದು 1905ರಲ್ಲಿ. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ಕೆರಳಿಸುವುದು, ಎಬ್ಬಿಸುವುದು. ಡಾಕ್ಟರ್ ಹುಡುಗಿ ಆಡಿದ ಮಾತು ಎಷ್ಟು ಸರಿ!

ಒಗ್ಗರಣೆಯ ಸಾಸಿವೆ

ಈ ರಸ ಮಾಡುವ ಜೀವಕಣಗಳು ಥೈರಾಯ್ಡಿನ ಹಾಗೆ ಒಂದೇ ಕಡೆ ಗಂಟಾಗಿ ಕೂತಿಲ್ಲ. ಜಠರದಿಂದ ಗುದದವರೆಗೆ ಕರುಳಿನ ಒಳಪದರದಲ್ಲಿ ಅಲ್ಲೊಂದು ಇಲ್ಲೊಂದು, ಉಪ್ಪಿಟ್ಟಿನಲ್ಲಿ ಸಾಸಿವೆ ಸಿಕ್ಕ ಹಾಗೆ. ಒಳಪದರದ ನೂರು ಕಣಗಳಲ್ಲಿ ಇಂಥದ್ದು ಸುಮಾರು ಒಂದು. ಆದರೆ ಎಲ್ಲವನ್ನೂ ಆರಿಸಿ ಒಟ್ಟು ಮಾಡಿದರೆ ನಮ್ಮ ದೇಹದ ಅತಿ ದೊಡ್ಡ ಹಾರ್ಮೋನು ಗ್ರಂಥಿ ಇದೇ ಎನ್ನುತ್ತಾರೆ ತಿಳಿದವರು.

ಕೆಲಸ ಒಬ್ಬೊಬ್ಬರದು ಒಂದೊಂದು. ಜಠರದಲ್ಲಿ ಹುಳಿ ಹೆಚ್ಚಿಸುವ ಗ್ಯಾಸ್ಟ್ರಿನ್. ತುಪ್ಪ, ಎಣ್ಣೆಯ ಅಡುಗೆ ಇಳಿದಾಗ ಪಿತ್ತಕೋಶವನ್ನು ಹಿಂಡುವ ಕೊಲಿಸಿಸ್ಟೊಕೈನಿನ್. ಹಸಿದಾಗ ಹೊಟ್ಟೆ ಗುರ್ ಎನ್ನಿಸಿ, ಉಳಿದ ಚೂರುಪಾರನ್ನು ಗುಡಿಸಿ ಮುಂದೆ ತಳ್ಳಿಸುವ ಮೊಟಿಲಿನ್. ಊಟದ ಆಸೆ ಹುಟ್ಟಿಸುವ ಗ್ರೆಲಿನ್, ಇದು ಜಪಾನಿನಲ್ಲಿ 1999ರಲ್ಲಿ ಗೊತ್ತಾದದ್ದು. ಸಾಕು, ಹೊಟ್ಟೆ ತುಂಬಿತು ಎಂದು ಹೇಳುವ ಜಿಎಲ್‌ಪಿ-1 ಎಂಬುದೂ ಉಂಟು. ತೂಕ ಇಳಿಸುವ ಇಂಜೆಕ್ಷನ್ನುಗಳ ಬಗ್ಗೆ ಈಗ ಪೇಪರಿನಲ್ಲಿ ಓದುತ್ತೀರಲ್ಲ, ಅವು ಈ ಜಿಎಲ್‌ಪಿ-1ರ ಅನುಕರಣೆಯೇ. (ಬಸಿರಿಗೆ ಯೋಚಿಸುತ್ತಿರುವವರು ಆ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಡಾಕ್ಟರಿಗೆ ತಿಳಿಸಿ. ಅದನ್ನು ತಿಂಗಳುಗಳ ಮುಂಚೆ ನಿಲ್ಲಿಸಬೇಕಾಗುತ್ತದೆ.)

ಈ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಬಹಳ ಹಿಂದೆಯೇ ಕಂಡವರಿದ್ದರು. ಜರ್ಮನಿಯ ಹೈಡೆನ್‌ಹೈನ್ 1870ರಲ್ಲಿ, ಖಾರ್ಕೋವಿನ ಕುಲ್‌ಚಿಟ್ಸ್ಕಿ 1897ರಲ್ಲಿ. ಇವೇಕೆ ಇಲ್ಲಿವೆ ಎಂಬುದು ಮಾತ್ರ ಅವರಿಗೆ ಗೊತ್ತಾಗಲಿಲ್ಲ. ಕುಲ್‌ಚಿಟ್ಸ್ಕಿಯ ಕಥೆ ಕೇಳಿದರೆ ಅಯ್ಯೋ ಅನಿಸುತ್ತದೆ. ರಷ್ಯಾದ ಕೊನೆಯ ಚಕ್ರವರ್ತಿಯ ಕಾಲದಲ್ಲಿ ವಿದ್ಯಾಮಂತ್ರಿಯೂ ಆಗಿದ್ದವರು, ಕ್ರಾಂತಿಯ ನಂತರ ದೇಶ ಬಿಟ್ಟು, ಬೇಲಿಸ್ ಮತ್ತು ಸ್ಟಾರ್ಲಿಂಗರ ಅದೇ ಲಂಡನ್ ಕಾಲೇಜಿಗೆ ಬಂದು ಸೇರಿ, 1925ರಲ್ಲಿ ಅಲ್ಲಿಯ ಲಿಫ್ಟಿನ ಅವಘಡದಲ್ಲಿ ತೀರಿಕೊಂಡರು.

ತವರುಮನೆ ಯಾವುದು?

ಇನ್ನು ಗರ್ಭದೊಳಗಿನ ವಿಷಯಕ್ಕೆ ಬರೋಣ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಡಾಕ್ಟರು ವಾರ ಎಣಿಸುವುದು ಕೊನೆಯ ಮುಟ್ಟಿನ ದಿನದಿಂದ. ಭ್ರೂಣದ ಬೆಳವಣಿಗೆ ಬರೆದವರು ಎಣಿಸುವುದು ಗರ್ಭ ಕಟ್ಟಿದ ದಿನದಿಂದ. ಎರಡಕ್ಕೂ ಎರಡು ವಾರ ವ್ಯತ್ಯಾಸ. ನಾನಿಲ್ಲಿ ಹೇಳುವುದು ಗರ್ಭ ಕಟ್ಟಿದ ಲೆಕ್ಕ. ನಿಮ್ಮ ಚೀಟಿಯ ಲೆಕ್ಕಕ್ಕೆ ಎರಡು ಸೇರಿಸಿಕೊಳ್ಳಿ.

ಮೂರನೇ ವಾರದ ಕೊನೆಗೆ ಭ್ರೂಣವೆಂದರೆ ಮೂರು ಪದರದ ಒಂದು ಪುಟ್ಟ ಹಾಳೆ. ನಾಲ್ಕನೇ ವಾರದಲ್ಲಿ ಆ ಹಾಳೆ ಅಂಚು ಮಡಚಿಕೊಂಡು, ನಾವು ವೀಳ್ಯದೆಲೆ ಸುರುಳಿ ಸುತ್ತಿದ ಹಾಗೆ, ಸುತ್ತಿಕೊಳ್ಳುತ್ತದೆ. ಒಳಗಿನ ಪದರ ಕೊಳವೆಯಾಗುತ್ತದೆ. ಆ ಕೊಳವೆಯೇ ಮುಂದೆ ಅನ್ನನಾಳ, ಜಠರ, ಕರುಳು. ಆರನೇ ವಾರಕ್ಕೆ ಕರುಳು ಎಷ್ಟು ರಭಸದಿಂದ ಉದ್ದವಾಗುತ್ತದೆಂದರೆ ಪುಟಾಣಿ ಹೊಟ್ಟೆಯೊಳಗೆ ಅದಕ್ಕೆ ಜಾಗ ಸಾಲದು. ಅದು ಹೊಕ್ಕುಳಬಳ್ಳಿಯೊಳಕ್ಕೆ ಹೊರಬಂದು, ಅಲ್ಲೇ ಬೆಳೆದು ತಿರುಚಿಕೊಂಡು, ಹತ್ತನೇ ವಾರದ ಸುಮಾರಿಗೆ ಮತ್ತೆ ಹೊಟ್ಟೆಯೊಳಗೆ ಹೋಗುತ್ತದೆ. ಮನೆ ಸಾಲದೆ ಜಗುಲಿಯಲ್ಲಿ ಮಲಗಿದ ನೆಂಟರ ಹಾಗೆ!

ಈ ಹೊರಗಿನ ವಾಸದ ದಿನಗಳಲ್ಲೇ ನಮ್ಮ ಸಾಸಿವೆ ಕಾಳುಗಳು ಕಾಣಿಸಿಕೊಳ್ಳಲು ಶುರು. ಎಂಟನೇ ವಾರದ ಸುಮಾರಿಗೆ ಕರುಳಿನ ಒಳಗೋಡೆಯಲ್ಲಿ ಬೆರಳಿನಂಥ ಮಡಿಕೆಗಳು ಏಳತೊಡಗುತ್ತವೆ, ಮೊದಲು ಮೇಲುಗರುಳಿನಲ್ಲಿ, ಆಮೇಲೆ ಕೆಳಕ್ಕೆ. ಎಂಟರಿಂದ ಹತ್ತು ವಾರದೊಳಗೆ ಮೊದಮೊದಲ ಹಾರ್ಮೋನು ಕಣಗಳು. ಹನ್ನೆರಡನೆಯ ವಾರಕ್ಕೆ ಗ್ಯಾಸ್ಟ್ರಿನ್, ಸೆಕ್ರೆಟಿನ್, ಮೊಟಿಲಿನ್ ಮುಂತಾಗಿ ಬಹುಪಾಲು ಬಗೆಯವು ಸಿಗುತ್ತವೆ. ಆರನೇ ತಿಂಗಳ ಹೊತ್ತಿಗೆ ಹೆಚ್ಚುಕಡಿಮೆ ದೊಡ್ಡವರ ಕರುಳಿನಲ್ಲಿ ಇರುವ ಜಾಗಗಳಲ್ಲೇ ಇವೂ ಕೂತಿರುತ್ತವೆ. ನಮ್ಮ ಕೂಸು 30ನೇ ವಾರಕ್ಕೆ ಹುಟ್ಟಿತಲ್ಲ, ಅದರ ಕರುಳಿನಲ್ಲೂ ಕೆಲಸಗಾರರೆಲ್ಲ ಬಂದು ಕೂತಿದ್ದರು. ಕೆಲಸ ಮಾತ್ರ ಶುರುವಾಗಿರಲಿಲ್ಲ.

ಆದರೆ ಈ ಕಣಗಳು ಬಂದದ್ದೆಲ್ಲಿಂದ? ಇದೊಂದು ದೊಡ್ಡ ಜಗಳವಾಗಿತ್ತು. 1960ರ ದಶಕದಲ್ಲಿ ಲಂಡನ್ನಿನ ಪಿಯರ್ಸ್ ಎಂಬ ವಿಜ್ಞಾನಿ, ಇವು ನಡೆನುಡಿಯಲ್ಲಿ ನರದ ಕಣಗಳ ಹಾಗಿವೆ, ಆದ್ದರಿಂದ ಬೆನ್ನಿನ ಕಡೆಯ ನರಮೂಲದಿಂದ ವಲಸೆ ಬಂದವು ಎಂದರು. ಮಾತು ನ್ಯಾಯವಾಗಿಯೇ ಕಂಡಿತು. ಅದನ್ನು ಪರೀಕ್ಷೆಗೆ ಹಚ್ಚಿದವಳು ಒಬ್ಬ ಹೆಂಗಸು, ಫ್ರಾನ್ಸಿನ ನಿಕೋಲ್ ಲ ದುವಾರಿನ್. ಈಕೆಯ ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಹೇಳುತ್ತೇನೆ, ಬೇಜಾರಾಗಬೇಡಿ. 1930ರಲ್ಲಿ ಹುಟ್ಟಿದ ಈಕೆ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಾ, ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಾ ವರ್ಷಗಳನ್ನು ಕಳೆದು, ಆಮೇಲೆ ಸಂಶೋಧನೆಗೆ ಇಳಿದಾಕೆ. ಡಾಕ್ಟರೇಟ್ ಬಂದದ್ದು 1964ರಲ್ಲಿ. ಕೋಳಿ ಮೊಟ್ಟೆಗಳ ಜೊತೆ ಲಾವಕ್ಕಿಯ ಮೊಟ್ಟೆಗಳನ್ನೂ ಇಟ್ಟುಕೊಂಡು ನೋಡುವಾಗ, ಸೂಕ್ಷ್ಮದರ್ಶಕದಡಿ ಎರಡರ ಕಣಗಳ ನಡುಬೀಜವೂ ಬೇರೆಬೇರೆಯಾಗಿ ಕಾಣುವುದನ್ನು ಆಕೆ ಗಮನಿಸಿದಳು. ಹಾಗಾದರೆ ಲಾವಕ್ಕಿಯ ಕಣವನ್ನು ಕೋಳಿಯ ಭ್ರೂಣಕ್ಕೆ ಕಸಿ ಮಾಡಿದರೆ ಅದು ಎಲ್ಲಿಗೆ ಹೋಯಿತೆಂದು ಪತ್ತೆ ಹಚ್ಚಬಹುದಲ್ಲ? 1969ರಲ್ಲಿ ಈ ಉಪಾಯ ಜಗತ್ತಿಗೆ ಗೊತ್ತಾಯಿತು.

ಲಾವಕ್ಕಿಯ ನರಮೂಲವನ್ನು ಕೋಳಿಯ ಭ್ರೂಣಕ್ಕೆ ನಾಟಿ ಬೆಳೆಯಗೊಟ್ಟರು. ಕರುಳಿನ ಗೋಡೆಯ ನರಗಳು ಲಾವಕ್ಕಿಯವು ಆಗಿದ್ದವು. ಹಾರ್ಮೋನು ಕಣಗಳು ಮಾತ್ರ ಕೋಳಿಯವೇ! ಅಂದರೆ ಇವು ಎಲ್ಲಿಂದಲೋ ವಲಸೆ ಬಂದವಲ್ಲ, ಕರುಳಿನ ಒಳಪದರದಲ್ಲೇ ಹುಟ್ಟಿದ ಮನೆಮಕ್ಕಳು. 1974ರಲ್ಲಿ ಕೆನಡಾದ ಚೆಂಗ್ ಮತ್ತು ಲೆಬ್ಲಾಂಡ್ ಇಲಿಯ ಕರುಳಿನಲ್ಲಿ ನೋಡಿದ್ದೂ ಇದಕ್ಕೆ ಹೊಂದಿತು. ಅನ್ನರಸ ಹೀರುವ ಕಣ, ಲೋಳೆ ಸುರಿಸುವ ಕಣ, ಹಾರ್ಮೋನು ಕಣ, ಎಲ್ಲವೂ ಒಂದೇ ಮೂಲಕಣದ ಸಂತಾನ.

ಹಾಗಿದ್ದರೆ ಒಂದೇ ತಾಯಿಯ ಮಕ್ಕಳಲ್ಲಿ ಒಂದು ಹಾರ್ಮೋನು ಕಣವಾಗಿ, ಉಳಿದ ತೊಂಬತ್ತೊಂಬತ್ತು ಬೇರೆಯಾಗುವುದು ಹೇಗೆ ಅಂತ ಕೇಳುತ್ತೀರಿ. ನ್ಯೂರೋಜೆನಿನ್-3 ಎಂಬ ವಂಶವಾಹಿ ಇದರ ಕೀಲಿಕೈ. ಯಾವ ಎಳೆಯ ಕಣದಲ್ಲಿ ಅದು ಹೊತ್ತಿಕೊಳ್ಳುತ್ತದೋ ಆ ಕಣ ಹಾರ್ಮೋನಿನ ದಾರಿ ಹಿಡಿಯುತ್ತದೆ. ಹಿಡಿದ ಕೂಡಲೇ ಮೈಗೆ ತಾಗಿಕೊಂಡ ಅಕ್ಕಪಕ್ಕದ ಕಣಗಳಿಗೆ, "ಈ ಕೆಲಸಕ್ಕೆ ನಾನಿದ್ದೀನಿ, ನೀವು ಬೇರೆ ನೋಡಿಕೊಳ್ಳಿ" ಎಂದು ಸಂಜ್ಞೆ ಕೊಟ್ಟು ಅವುಗಳಲ್ಲಿ ಆ ಕೀಲಿಯನ್ನು ತಿರುಗಗೊಡುವುದಿಲ್ಲ. ಅದಕ್ಕೇ ಇವು ಗುಂಪಾಗಿ ಸಿಗದೆ ಸಾಸಿವೆಯ ಹಾಗೆ ಚೆದುರಿ ಸಿಗುವುದು.

ನೂರಕ್ಕೆ ಒಂದು ತಾನೆ, ಇಲ್ಲದಿದ್ದರೆ ಏನಂತೆ? ಅದಕ್ಕೂ ಉತ್ತರ ಸಿಕ್ಕಿದೆ, ಮನಸ್ಸಿಗೆ ಸಂಕಟವಾಗುವ ಉತ್ತರ. 2006ರಲ್ಲಿ ಅಮೆರಿಕದ ವೈದ್ಯರು ಮೂರು ಗಂಡುಮಕ್ಕಳ ವಿವರ ಪ್ರಕಟಿಸಿದರು. ನೀರೊಂದನ್ನು ಬಿಟ್ಟು ಹಾಲು, ಸಕ್ಕರೆ, ಏನು ಕೊಟ್ಟರೂ ಭೇದಿ. ಕರುಳಿನ ಚೂರು ತೆಗೆದು ನೋಡಿದರೆ ಮಡಿಕೆಗಳೆಲ್ಲ ಚೆನ್ನಾಗಿಯೇ ಇವೆ, ಹೀರುವ ಕಣಗಳೂ ಇವೆ. ಹಾರ್ಮೋನು ಕಣಗಳು ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ನ್ಯೂರೋಜೆನಿನ್-3ರಲ್ಲಿ ಹುಟ್ಟಿನಿಂದಲೇ ದೋಷ. ಆ ಮಕ್ಕಳಿಗೆ ಪೋಷಣೆಯನ್ನು ರಕ್ತನಾಳದ ಮೂಲಕವೇ ಕೊಡಬೇಕಾಯಿತು. ಪಾತ್ರೆ, ಒಲೆ, ಸಾಮಾನು ಎಲ್ಲ ಇದ್ದೂ ಅಡುಗೆಯವರೇ ಇಲ್ಲದ ಮದುವೆಮನೆಯ ಹಾಗಾಯಿತು. ಇದು ತೀರಾ ಅಪರೂಪದ ಕಾಯಿಲೆ. ಮನೆಯ ಮಗುವಿಗೆ ಭೇದಿಯಾದರೆ ಇದನ್ನು ನೆನೆದು ಗಾಬರಿಪಡಬೇಡಿ.

ವಾಂತಿಯ ದಿನಗಳು

ಲೆಕ್ಕ ಹಾಕಿ ನೋಡಿದವರಿಗೆ ಒಂದು ಯೋಚನೆ ಬಂದಿರುತ್ತದೆ. ಕರುಳು ರೂಪುಗೊಳ್ಳುವ, ಈ ಕಣಗಳು ಹುಟ್ಟುವ ಕಾಲ, ಬಸುರಿಗೆ ಅನ್ನದ ವಾಸನೆಯೇ ಸೇರದ ಕಾಲ. ಮೂರು ತಿಂಗಳು ಬರೀ ಮಜ್ಜಿಗೆ, ಉಪ್ಪಿನಕಾಯಿಯಲ್ಲಿ ಕಳೆದವರಿದ್ದಾರೆ. ಮಗುವಿನ ಕರುಳಿಗೆ ಏನಾದರೂ ಆಯಿತೇ? ಸಾಧಾರಣ ವಾಂತಿಗೆ ಹೆದರಬೇಕಿಲ್ಲ. ಡಾಕ್ಟರ ಲೆಕ್ಕದ ಹನ್ನೆರಡನೆಯ ವಾರದಲ್ಲಿ ಇಡೀ ಮಗುವಿನ ತೂಕವೇ ಸುಮಾರು 14 ಗ್ರಾಂ. ಅಷ್ಟಕ್ಕೆ ಬೇಕಾದ್ದನ್ನು ತಾಯಿಯ ಮೈ ಹೇಗೋ ಒದಗಿಸುತ್ತದೆ. ನೀರೂ ನಿಲ್ಲದಷ್ಟು ವಾಂತಿಯಾದರೆ, ಮೂತ್ರ ಕಡಿಮೆಯಾದರೆ ಮಾತ್ರ "ಎಲ್ಲರಿಗೂ ಆಗೋದೇ" ಎಂದು ಸುಮ್ಮನಿರದೆ ಆಸ್ಪತ್ರೆಗೆ ಹೋಗಿ. ಫೋಲಿಕ್ ಆಮ್ಲದ ಮಾತ್ರೆ ತಪ್ಪಿಸಬೇಡಿ. ಮಗುವಿನ ಹೊಟ್ಟೆ ಗಟ್ಟಿಯಾಗಲೆಂದು ಯಾರೋ ಕೊಟ್ಟ ಲೇಹ್ಯ, ಭಸ್ಮ ಬೇಡ.

ಇನ್ನೊಂದು ಸ್ವಾರಸ್ಯ. ಮಗುವಿಗೆ ಊಟ ಸಿಗುವುದು ಹೊಕ್ಕುಳಬಳ್ಳಿಯಿಂದ, ಕರುಳಿಗೆ ಕೆಲಸವೇ ಇಲ್ಲ ಎಂದುಕೊಂಡಿದ್ದೆ. ಹಾಗಲ್ಲ. ಮೂರು ತಿಂಗಳು ಮುಗಿಯುವಷ್ಟರಲ್ಲೇ ಮಗು ಸುತ್ತಲಿನ ನೀರನ್ನು ಗುಟುಕರಿಸಲು ಕಲಿಯುತ್ತದೆ. ದಿನ ತುಂಬುವ ಹೊತ್ತಿಗೆ ದಿನಕ್ಕೆ ಅರ್ಧ ಲೀಟರಿಗೂ ಮಿಕ್ಕಿ ಕುಡಿಯುತ್ತದೆ. ಮದುವೆಯ ಹಿಂದಿನ ರಾತ್ರಿಯೇ ಅಡುಗೆಯವರು ಬಂದು, ಒಲೆ ಹೂಡಿ, ಒಂದು ಹಂಡೆ ನೀರು ಕಾಯಿಸಿ ನೋಡುವ ಹಾಗೆ ಇದು ಅಭ್ಯಾಸ. ಮಗುವಿನ ಅನ್ನನಾಳ ಅಥವಾ ಮೇಲುಗರುಳು ಕಟ್ಟಿಕೊಂಡಿದ್ದರೆ ನುಂಗಿದ ನೀರು ಮುಂದೆ ಹೋಗದೆ ಗರ್ಭದಲ್ಲಿ ನೀರು ಹೆಚ್ಚಾಗುತ್ತದೆ. ಸ್ಕ್ಯಾನಿಂಗಿನಲ್ಲಿ ನೀರು ಹೆಚ್ಚಿದೆ ಎಂದಾಗ ಡಾಕ್ಟರು ಮಗುವಿನ ಹೊಟ್ಟೆಯನ್ನು ಮತ್ತೆಮತ್ತೆ ನೋಡುವುದಕ್ಕೆ ಇದೂ ಒಂದು ಕಾರಣ. ನೀರು ಹೆಚ್ಚಲು ಬೇರೆ ಕಾರಣಗಳೂ ಇವೆ, ತಾಯಿಯ ಸಕ್ಕರೆ ಕಾಯಿಲೆ ಅದರಲ್ಲೊಂದು.

ಎಬ್ಬಿಸುವ ಹಾಲು

ಈಗ 2 ಮಿಲಿ ಹಾಲಿಗೆ ಬರುತ್ತೇನೆ. ಇಂಗ್ಲೆಂಡಿನಲ್ಲಿ ಅಲನ್ ಲ್ಯೂಕಸ್, ಸ್ಟೀಫನ್ ಬ್ಲೂಮ್, ಆಲ್ಬರ್ಟ್ ಐನ್ಸ್ಲಿ-ಗ್ರೀನ್ ಎಂಬ ವೈದ್ಯರು 1978ರಿಂದ ಹಲವು ವರ್ಷ ಹಸುಗೂಸುಗಳ ರಕ್ತದಲ್ಲಿ ಈ ಕರುಳಿನ ಹಾರ್ಮೋನುಗಳನ್ನು ಅಳೆದರು. ಹಾಲು ಕುಡಿದ ಮಕ್ಕಳಲ್ಲಿ ಮೊದಲ ಕೆಲವೇ ದಿನಗಳಲ್ಲಿ ಅವು ಉಕ್ಕಿ ಏರಿದವು. ದಿನ ತುಂಬದೆ ಹುಟ್ಟಿದ ಮಕ್ಕಳಲ್ಲೂ ಹಾಗೆಯೇ. ಆದರೆ ಬಾಯಿಗೆ ಏನೂ ಕೊಡದೆ ಬರೀ ಡ್ರಿಪ್ಪಿನಲ್ಲಿಟ್ಟ ಮಕ್ಕಳಲ್ಲಿ ಆ ಏರಿಕೆಯೇ ಇಲ್ಲ. ಅದಕ್ಕೆ ಹೊಟ್ಟೆ ತುಂಬ ಹಾಲೂ ಬೇಕಾಗಿರಲಿಲ್ಲ, ಚೂರೇ ಚೂರು ಸಾಕಾಗಿತ್ತು. ಆ ಹಾರ್ಮೋನುಗಳಲ್ಲಿ ಕೆಲವು ಕರುಳನ್ನು ಆಡಿಸುತ್ತವೆ, ಕೆಲವು ಒಳಪದರವನ್ನೇ ಬೆಳೆಸುತ್ತವೆ. ಹಾಲೇ ಕಾಣದ ಕರುಳು ಸೊರಗಿ ತೆಳ್ಳಗಾಗುತ್ತದೆ. ಎಳೆಯ ಕರುಳಿಗೆ ಒಂದೇ ಸಲ ಹೆಚ್ಚು ಸುರಿದರೂ ಅಪಾಯ. ಆದ್ದರಿಂದಲೇ ಹನಿಹನಿ ಲೆಕ್ಕ. ಚೀಪಿ, ನುಂಗಿ, ಉಸಿರಾಡುವ ಮೂರನ್ನೂ ಹೊಂದಿಸಿಕೊಳ್ಳಲು ಮಗುವಿಗೆ ಸುಮಾರು 34 ವಾರ ಆಗಬೇಕು, ಅಲ್ಲಿಯವರೆಗೆ ಕೊಳವೆ.

ಅದರಲ್ಲೂ ತಾಯಿಯ ಹಾಲೇ ಯಾಕೆ? ದಿನ ತುಂಬದ ಮಕ್ಕಳಿಗೆ ಕರುಳು ಕೊಳೆಯುವ ಒಂದು ಭಯಂಕರ ಕಾಯಿಲೆ ಬರಬಹುದು. ತಾಯಿಯ ಹಾಲು ಕುಡಿದವರಲ್ಲಿ ಅದು ಕಡಿಮೆ. ಡಬ್ಬಿ ಹಾಲಿಗೆ ಆ ಗುಣವಿಲ್ಲ.

ಇಲ್ಲಿ ನಮ್ಮ ಹೆಂಗಸರ ಮೇಲೇ ನನಗೊಂದು ಸಿಟ್ಟಿದೆ, ಹೇಳಿಬಿಡುತ್ತೇನೆ. ಹಸು ಕರು ಹಾಕಿದರೆ ಗಿಣ್ಣಿನ ಹಾಲಿಗಾಗಿ ಬೀದಿಯೆಲ್ಲ ಕಾಯುತ್ತೇವೆ. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿ ಅಕ್ಕಪಕ್ಕದ ಮನೆಗೆಲ್ಲ ಹಂಚುತ್ತೇವೆ. ನಮ್ಮ ಬಾಣಂತಿಯ ಎದೆಯ ಗಿಣ್ಣನ್ನು ಮಾತ್ರ ಹಳದಿ, ಕೆಟ್ಟದ್ದು ಎಂದು ಹಿಂಡಿ ಚೆಲ್ಲುವ ಮನೆಗಳು ಇನ್ನೂ ಇವೆ! ಆ ಬದಲಿಗೆ ಸಕ್ಕರೆ ನೀರು, ಜೇನುತುಪ್ಪ, ಹರಳೆಣ್ಣೆ. ವರ್ಷ ತುಂಬದ ಮಗುವಿಗೆ ಜೇನುತುಪ್ಪ ಕೊಡಲೇಬಾರದು, ಅದರಲ್ಲಿ ಮಗುವಿನ ನರಗಳನ್ನು ಸೋಲಿಸುವ ವಿಷದ ಬೀಜಾಣು ಇರಬಹುದು. ಆರೋಗ್ಯವಾಗಿ ದಿನ ತುಂಬಿ ಹುಟ್ಟಿದ ಮಗುವನ್ನು ಒಂದು ಗಂಟೆಯೊಳಗೆ ಎದೆಗೆ ಹಾಕಬೇಕು. ಆರು ತಿಂಗಳು ಬೇರೇನೂ ಬೇಡ, ನೀರೂ ಬೇಡ. ಮೊದಲ ಎರಡು ದಿನ ಹಾಲು ಚಮಚಗಳ ಲೆಕ್ಕದಲ್ಲಿ ಬಂದರೆ "ಹಾಲೇ ಇಲ್ಲ" ಎಂದು ಬಾಣಂತಿಯನ್ನು ಅಳಿಸಬೇಡಿ. ಆ ಹೊತ್ತಿಗೆ ಅಷ್ಟೇ ಸಾಕು.

ನಮ್ಮ ಹುಡುಗಿಗೂ ಮೊದಲು ಬಂದದ್ದು ಹಳದಿ ಹನಿಗಳೇ. ಮೂರು ಗಂಟೆಗೊಮ್ಮೆ, ನಡುರಾತ್ರಿಯಲ್ಲೂ ಎದ್ದು ಕೂತು ಸ್ಟೀಲ್ ಬಟ್ಟಲಿಗೆ ಹಿಂಡುತ್ತಿದ್ದಳು. ಬಟ್ಟಲ ತಳವೂ ಮುಚ್ಚುತ್ತಿರಲಿಲ್ಲ. ನಾಲ್ಕನೇ ದಿನ ಮಗುವಿನ ಹೊಟ್ಟೆ ಆಡಿ, ಕಪ್ಪುಹಸಿರು ಅಂಟುಮಲ ಹೋಯಿತು. ಗರ್ಭದಲ್ಲಿ ಕುಡಿದ ನೀರಿನ ಗಸಿ, ಉದುರಿದ ಕಣಗಳೆಲ್ಲ ಸೇರಿದ್ದು ಅದು. ಡಾಕ್ಟರ್ ಹುಡುಗಿ ಬಂದು ನೋಡಿ, "ಎದ್ದಿದ್ದಾನೆ ಅಜ್ಜೀ" ಅಂದಳು. 2 ಮಿಲಿ 3 ಆಯಿತು, 5 ಆಯಿತು. ನಡುವೆ ಒಮ್ಮೆ ಹೊಟ್ಟೆ ಉಬ್ಬರಿಸಿ ಒಂದು ದಿನ ಹಾಲು ನಿಲ್ಲಿಸಿದರು. ಆ ದಿನ ನಮ್ಮಲ್ಲಿ ಯಾರಿಗೂ ಊಟ ಸೇರಲಿಲ್ಲ. ಮತ್ತೆ 2ರಿಂದ ಶುರು. ಐದನೇ ವಾರಕ್ಕೆ ಕೊಳವೆ ತೆಗೆದು, "ಒಳಲೆ ತಂದಿದ್ರಲ್ಲ, ಕೊಡಿ ಈಗ" ಎಂದು ಅವಳೇ ಕೇಳಿದಳು. ಬೀಗಿತ್ತಿಯವರು ಅದನ್ನು ಕುದಿಯುವ ನೀರಿನಲ್ಲಿ ಹಾಕಿಟ್ಟು ತೆಗೆದು, ಕೈ ನಡುಗಿಸುತ್ತಾ ಮೊದಲ ಗುಟುಕು ಕುಡಿಸಿದರು.

ಈಗ ಅವನಿಗೆ ನಾಲ್ಕು ವರ್ಷ. ಅಂಗನವಾಡಿಗೆ ಹೋಗುತ್ತಾನೆ. ಮೊಸರನ್ನ ಬಿಟ್ಟು ಬೇರೇನೂ ಒಲ್ಲೆ ಅಂತಾನೆ, ಪಲ್ಯ ಕಂಡರೆ ಓಡುತ್ತಾನೆ. ಅಜ್ಜಿ ತಟ್ಟೆ ಹಿಡಿದು ಹಿಂದೆ ಓಡುತ್ತಾರೆ.